ಗಾರ್ಡ್ ಸಾಹೇಬರ ಒಂದೇ ಒಂದು ಸುಳ್ಳು

ನನ್ನ ಹೊಟ್ಟೆಯ ಸುತ್ತಳತೆ ನನ್ನ ಹೆಂಡತಿಗೆ ಗೊತ್ತಿಲ್ಲ, ಅಂಗಿ ಹೊಲಿಯುವ ಟೇಲರನಿಗೂ ಸರಿಯಾಗಿ ಗೊತ್ತಿಲ್ಲ. ಅವನು ಪ್ರತಿ ಸಲ ಒಂದಿಂಚು ಕಡಿಮೆ ಹೇಳಿ ನನ್ನ ಮಾನ ಕಾಪಾಡುತ್ತಾನೆ. ಅದನ್ನು ಕರಾರುವಾಕ್ಕಾಗಿ ಬಲ್ಲವರು ಒಬ್ಬರೇ ಇದ್ದರು, ಮೋಟೆಬೆನ್ನೂರಿನ ಫಾರೆಸ್ಟ್ ಗಾರ್ಡ್ ಸಾಹೇಬರು. ತಿಂಗಳ ಮೊದಲ ರವಿವಾರ ಉಡದಗುಡ್ಡದ ಬುಡದಲ್ಲಿ ನನ್ನನ್ನು ನಿಲ್ಲಿಸಿ, ಖಾಕಿ ಪ್ಯಾಂಟಿನ ಜೇಬಿನಿಂದ ಮರ ಅಳೆಯುವ ಟೇಪು ತೆಗೆದು ನನ್ನ ಹೊಟ್ಟೆಗೆ ಸುತ್ತುತ್ತಿದ್ದರು. "ಗಿಡಾ ಬೆಳದ್ರ ಸರ್ಕಾರಕ್ಕ ಖುಷಿ, ನೀವು ಬೆಳದ್ರ ಡಾಕ್ಟರಿಗೆ ಖುಷಿ" ಎನ್ನುತ್ತ ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ಪುಟದಲ್ಲಿ ನನ್ನ ಮೇಲೆ ಒಂದು ಹುಣಸೆ, ಕೆಳಗೆ ಒಂದು ಬೇವು ಇರುತ್ತಿತ್ತು.

ಅವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಗುಡ್ಡದ ಬುಡದ ಮೂರೂ ಊರಿನವರಿಗೆ ಅವರು ಗಾರ್ಡ್ ಸಾಹೇಬ್ರು, ಅಷ್ಟೇ. ಅವರ ಹೆಸರು ಹಿಡಿದು ಮನೆ ಹುಡುಕಿದರೆ ಮೋಟೆಬೆನ್ನೂರಿನಲ್ಲಿ ಯಾರೂ ತೋರಿಸುತ್ತಿರಲಿಲ್ಲ.

ಬ್ಯಾಡಗಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ ಇದೆ. ಟೈಪಿಂಗು, ಝೆರಾಕ್ಸು, ಲ್ಯಾಮಿನೇಶನ್ನು. ಕೂತು ಮಾಡುವ ಕೆಲಸ. ಕೂತಲ್ಲೇ ಶುಗರ್ ಬಂತು. ಹಾವೇರಿಯ ಡಾಕ್ಟರು ದಿನಾ ನಡೆಯಿರಿ ಎಂದರು. ಅವರಿಗೇನು, ಅವರು ಹಾವೇರಿಯವರು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಬೀದಿಯಲ್ಲಿ ನಡೆಯುವುದೆಂದರೆ ಹತ್ತು ಹೆಜ್ಜೆಗೊಂದು ಸೀನು. ಡಾಕ್ಟರನ್ನು ಬಯ್ಯುತ್ತ ಕೂತಿದ್ದ ಒಂದು ಮಧ್ಯಾಹ್ನ, ಏನೋ ಝೆರಾಕ್ಸ್ ಮಾಡಿಸಲು ಬಂದಿದ್ದ ಖಾಕಿ ಬಟ್ಟೆಯ ಸಣಕಲು ಮನುಷ್ಯ ಕೌಂಟರಿನ ಆಚೆಯಿಂದ ನನ್ನನ್ನು ಬುಡದಿಂದ ತುದಿಯವರೆಗೆ ನೋಡಿದರು.

"ಟೈಪಿಂಗ್ ಮಾಸ್ತರ್ರ, ರವಿವಾರ ನಮ್ಮ ಗುಡ್ಡಕ್ಕ ಬರ್ರಿ. ಅಲ್ಲಿ ಸೀನು ಬರೂದಿಲ್ಲ, ದಮ್ಮು ಬರತೈತಿ."

ಬಂದೇ ಬಂತು. ಮೊದಲ ರವಿವಾರ ಅರ್ಧ ಗುಡ್ಡಕ್ಕೇ ಒಂದು ಬಂಡೆಯ ಮೇಲೆ ಕೂತು, ನನ್ನ ಕೊನೆ ಇಲ್ಲೇ ಎಂದುಕೊಂಡೆ. ಗಾರ್ಡ್ ಸಾಹೇಬರು ಅವಸರ ಮಾಡಲಿಲ್ಲ. ಪಕ್ಕದಲ್ಲಿ ಕೂತು ಕವಳಿಹಣ್ಣು ಕಿತ್ತುಕೊಟ್ಟು, "ಈ ಕಲ್ಲಿಗೆ ಇವತ್ತಿಂದ ನಿಮ್ಮ ಹೆಸರು" ಎಂದರು. ಮುಂದೆ ಎರಡು ವರ್ಷ ನಾನು ರವಿವಾರ ತಪ್ಪಿಸಲಿಲ್ಲ. ನನ್ನ ಹೆಸರಿನ ಕಲ್ಲು ತಿಂಗಳಿಂದ ತಿಂಗಳಿಗೆ ಮೇಲೆ ಮೇಲೆ ಹೋಯಿತು.

ಗುಡ್ಡ ಹತ್ತುವಾಗ ಅವರು ವಿಪರೀತ ಕೆಮ್ಮುತ್ತಿದ್ದರು. ಬೀಡಿ ಇಲ್ಲ, ತಂಬಾಕು ಇಲ್ಲ, ಆದರೂ ಕೆಮ್ಮು. ನನಗೆ ಗಾಬರಿಯಾಗಿ, ಹಾವೇರಿಯ ಡಾಕ್ಟರಿಗೆ ತೋರಿಸೋಣ ಎಂದೆ. ಅಷ್ಟರಲ್ಲಿ ಪೊದೆಯ ಆಚೆ ಬಳೆ ಸದ್ದು, ಯಾರೋ ದಡಬಡ ಇಳಿದುಹೋದ ಸದ್ದು. ಕಟ್ಟಿಗೆಗೆ ಬಂದ ಹೆಂಗಸರು. "ನೀವು ಕೆಮ್ಮಿದರೆ ಕಳ್ಳರು ಓಡಿಹೋಗುತ್ತಾರಲ್ಲ ಸಾಹೇಬ್ರ" ಎಂದೆ.

"ಒಣಾ ಕಟಿಗಿ ಆರಸೂ ಹೆಣ್ಮಕ್ಕಳು ಕಳ್ಳರೇನ್ರಿ? ಮನ್ಯಾಗ ಒಲಿ ಹತ್ತಬೇಕಲ್ಲ. ಹಸೇ ಗಿಡಕ್ಕ ಕೊಡ್ಲಿ ಹಾಕಾವ್ರ ಕಡೆ ಹೋಗೂಮುಂದ ನಾ ಕೆಮ್ಮಂಗಿಲ್ಲ, ನೋಡ್ರಿ."

ಅದು ಖರೆ. ಕೆಮ್ಮದೆ ಹೋಗಿ ಅವರು ಹಿಡಿದ ಕೊಡಲಿಗಳ ರಾಶಿ ಅವರ ಕ್ವಾರ್ಟರ್ಸಿನ ಮೂಲೆಯಲ್ಲಿ ಇತ್ತು. ಒಮ್ಮೆ ಸ್ವಂತ ಷಡ್ಡಕನ ಕೊಡಲಿಯನ್ನೇ ಹಿಡಿದುಕೊಂಡು ಬಂದಿದ್ದರಂತೆ. ಆ ವರ್ಷ ರಂಜಾನಿಗೆ ಷಡ್ಡಕ ಬರಲಿಲ್ಲ, ಅವನ ಪಾಲಿನ ಶೀರ್‌ಕುರ್ಮಾ ನಾನು ಕುಡಿದೆ. ಶುಗರ್ ಇದ್ದವನು ಕುಡಿಯಬಾರದಿತ್ತು. ಆದರೆ ಅವರ ಬೀಬಿಯವರು ಬಟ್ಟಲು ಹಿಡಿದು ಎದುರು ನಿಂತರೆ ಡಾಕ್ಟರೇ ಬಂದರೂ ಬೇಡ ಎನ್ನಲಾರರು.

ಬೀಬಿಯವರಿಗೆ ಒಂದೇ ಕೊರಗು. "ನೋಡ್ರಿ ಭಾಯಿ, ಇವರ ಸಂಗಾಟ ನೌಕರಿಗೆ ಸೇರಿದವ್ರು ಎಲ್ಲಾರೂ ಫಾರೆಸ್ಟರ್ ಆದ್ರು. ಇವರು ಇನ್ನೂ ಗಾರ್ಡ. ಈ ಸಲ ಪಟ್ಟಿಯೊಳಗ ಹೆಸರು ಬಂದೈತಂತ. ರಿಟೈರ್ ಆಗೂದ್ರಾಗ ಒಂದ ವರ್ಷ ಆದ್ರೂ ಫಾರೆಸ್ಟರ್ ಅನಸ್ಕೊಳ್ಳಿ." ಗಾರ್ಡ್ ಸಾಹೇಬರು, "ಫಾರೆಸ್ಟರ್ ಆದ್ರ ಈ ಗುಡ್ಡ ಏನು ಸಣ್ಣದಾಗತೈತೇನು? ಹತ್ತೂದು ಹತ್ತೂದ" ಎಂದು ಹಾರಿಸಿಬಿಡುತ್ತಿದ್ದರು. ಆದರೆ ಹೊಸ ಯೂನಿಫಾರ್ಮಿಗೆಂದು ಬೀಬಿ ತಂದಿಟ್ಟ ಖಾಕಿ ಬಟ್ಟೆಯನ್ನು ಒಮ್ಮೆ ಅವರೇ ಬಿಚ್ಚಿ ನನಗೆ ತೋರಿಸಿದ್ದರು. ಆಸೆ ಇತ್ತು. ಇರಬಾರದೇನು? ಮೂವತ್ತು ವರ್ಷ ಒಂದೇ ಗುಡ್ಡ ಕಾಯ್ದವರು.

ಉಡದಗುಡ್ಡದ ಮುಂದಿನ ಮೈತುಂಬ ಇಲಾಖೆಯವರು ಹಿಂದೆ ನೆಟ್ಟ ನೀಲಗಿರಿ. ಅಲ್ಲಿ ನೆರಳೂ ಇಲ್ಲ, ಹಕ್ಕಿಯ ದನಿಯೂ ಇಲ್ಲ. ಸಾಹೇಬರಿಗೆ ನೀಲಗಿರಿ ಕಂಡರೆ ಆಗದು, ಆದರೂ ಕಾಯುತ್ತಿದ್ದರು. "ನೌಕರಿ ಅಂದಮ್ಯಾಲ ಬೀಗರ ಕಡೇವ್ರನ್ನೂ ಮಾತಾಡಸಬೇಕಲ್ರಿ" ಎನ್ನುತ್ತಿದ್ದರು. ಸುಮಾರು ಒಂದು ವರ್ಷ ನನ್ನನ್ನು ಬೀಗರ ಕಡೆಯಲ್ಲೇ ತಿರುಗಾಡಿಸಿದರು. ಆಮೇಲೆ ಒಂದು ರವಿವಾರ, "ಈಗ ನಿಮಗ ದಮ್ಮು ಐತಿ, ಬರ್ರಿ" ಎಂದು ಗುಡ್ಡದ ಹಿಂದಿನ ಕೊಳ್ಳಕ್ಕೆ ಇಳಿಸಿದರು.

ಏನು ಹೇಳಲಿ. ಬಿರುಬಿಸಿಲಿನಿಂದ ಒಮ್ಮೆಗೇ ತಂಪು. ದಿಂಡಲ, ತುಗ್ಗಲಿ, ಮುತ್ತಲ, ಇನ್ನೂ ನನಗೆ ಹೆಸರು ಗೊತ್ತಿಲ್ಲದ ಎಷ್ಟೋ ಮರಗಳು. ಇಬ್ಬರು ಕೈ ಚಾಚಿದರೂ ತಬ್ಬಲಾಗದ ಒಂದು ದಿಂಡಲ. ಬಂಡೆಯ ಸಂದಿಯಲ್ಲಿ ಬೇಸಿಗೆಯಲ್ಲೂ ಬೊಗಸೆಯಷ್ಟು ನೀರು. ನಲವತ್ತು ವರ್ಷ ಬ್ಯಾಡಗಿಯಲ್ಲಿ ಬದುಕಿದ ನನಗೆ ಇಂಥದೊಂದು ಜಾಗ ಇಷ್ಟು ಹತ್ತಿರ ಇದೆಯೆಂದೇ ತಿಳಿದಿರಲಿಲ್ಲ. ಮುಂದಿನ ಮೈಯೆಲ್ಲ ನೀಲಗಿರಿ ಆಗಿರುವಾಗ ಇದೊಂದು ಹೇಗೆ ಉಳಿಯಿತು ಎಂದು ಕೇಳಿದೆ. "ಉಳೀತು" ಎಂದರು. ಮಾತಿನ ಮಲ್ಲ ಅಂದು ಒಂದೇ ಶಬ್ದಕ್ಕೆ ಮುಗಿಸಿದ್ದು ನನಗೆ ವಿಚಿತ್ರವೆನಿಸಿತ್ತು.

ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯವರು ಬಂದದ್ದು ಅದರ ಮರುವರ್ಷ. ಮೊದಲು ಗುಡ್ಡದ ನೆತ್ತಿಯ ಮೇಲೆ ಗಾಳಿ ಅಳೆಯುವ ಕಂಬ ನಿಂತಿತು. ಆಮೇಲೆ ಬಿಳಿ ಜೀಪು, ಹಳದಿ ಟೊಪ್ಪಿಗೆ. ರಾಣೆಬೆನ್ನೂರಿನ ಲಾಡ್ಜಿನಲ್ಲಿ ಇಳಿದುಕೊಂಡು ದಿನಾ ಬೆಳಿಗ್ಗೆ ಬರುತ್ತಿದ್ದರು. ಊರಲ್ಲೆಲ್ಲ ಅದೇ ಮಾತು. ರಸ್ತೆ ಬರುತ್ತದೆ, ವಾಚಮನ್ ಕೆಲಸ ಸಿಗುತ್ತದೆ, ಕರೆಂಟು ಹೋಗುವುದೇ ಇಲ್ಲ. ಗಾರ್ಡ್ ಸಾಹೇಬರು ವಿರೋಧ ಮಾತಾಡಲಿಲ್ಲ. "ಗಾಳಿ ಯಾರಪ್ಪಂದೂ ಅಲ್ಲ, ತಿರುಗಿಸ್ಲಿ. ನೀಲಗಿರಿ ಕಡೆಯಿಂದ ಹತ್ತಲಿ, ನಾನ ಮುಂದ ನಿಂತು ದಾರಿ ತೋರಸ್ತೀನಿ" ಎಂದರು. ನಾನೂ ಹಾಗೇ ಎಂದುಕೊಂಡಿದ್ದೆ.

ಒಂದು ದಿನ ಕಂಪನಿಯ ಹುಡುಗ ಒಂದು ಫೈಲು ತಂದು ಹನ್ನೆರಡು ಸೆಟ್ ಝೆರಾಕ್ಸ್ ಬೇಕೆಂದ. ಅಂಗಡಿಗೆ ಬಂದ ಕಾಗದವನ್ನು ಓದದೆ ಬಿಡುವ ಒಳ್ಳೆಯ ಗುಣ ನನ್ನಲ್ಲಿಲ್ಲ. ಓದಿದೆ. ಪಂಖದ ರೆಕ್ಕೆ ಬಹಳ ಉದ್ದ, ಅದನ್ನು ಹೊತ್ತ ಗಾಡಿಗೆ ಅಗಲದ ದಾರಿ ಬೇಕು, ಕಡಿಮೆ ಖರ್ಚಿನ ದಾರಿ ಹಿಂದಿನ ಕೊಳ್ಳದ್ದು ಎಂದು ಬರೆದಿತ್ತು. ಕೊಳ್ಳದಲ್ಲಿ ಮರ? ಇಲ್ಲ. ಸಾಕ್ಷಿಗೆ ಇಲಾಖೆಯದೇ ಹಳೆಯ ರಿಜಿಸ್ಟರಿನ ಪುಟ ಹಚ್ಚಿದ್ದರು: "ಸದರಿ ಕೊಳ್ಳವು ಕೇವಲ ಕಲ್ಲುಭೂಮಿ. ಒಂದೂ ಮರವಿಲ್ಲ. ಸಸಿ ನೆಟ್ಟರೆ ಖರ್ಚು ವ್ಯರ್ಥ." ಕೆಳಗೆ ಸಹಿ. ನನ್ನ ಹೊಟ್ಟೆಯ ಅಳತೆ ಬರೆಯುತ್ತಿದ್ದ ಅದೇ ದುಂಡಗಿನ ಕೈಬರಹ.

ಮಷಿನ್ ನಿಲ್ಲಿಸಿದೆ. ಕೆಟ್ಟ ಯೋಚನೆಯೇ ಮೊದಲು ಬಂತು, ಸುಳ್ಳು ಹೇಳುವುದಿಲ್ಲ. ಈ ಮನುಷ್ಯ ಯಾರಿಗೋ ತನ್ನನ್ನು ಮಾರಿಕೊಂಡಿದ್ದಾನೆ ಎಂದುಕೊಂಡೆ. ಇಪ್ಪತ್ತು ವರ್ಷಕ್ಕೂ ಹಿಂದಿನ ತಾರೀಖು ಕಣ್ಣೆದುರೇ ಇದ್ದರೂ ಹಾಗೆ ಎಣಿಸಿದೆ. ರವಿವಾರ ಗುಡ್ಡಕ್ಕೆ ಹೋದವನೇ ಆ ಪುಟ ಅವರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಮೆಲ್ಲಗೆ ಕೂತರು. ಕೂತಲ್ಲೇ ನಗಲು ಶುರುಮಾಡಿದರು.

"ಒಂದ ಸುಳ್ಳು ಬರದೀನ್ರಿ ಜಲ್ಮದಾಗ. ಅದೂ ಸಿಕ್ಕಬಿತ್ತು."

ನಡೆದದ್ದು ಇಷ್ಟು. ಆ ಕಾಲದಲ್ಲಿ ಗುಡ್ಡವೆಲ್ಲ ಸವರಿ ನೀಲಗಿರಿ ನೆಡಬೇಕೆಂದು ಹುಕುಂ ಬಂದಿತ್ತು. ಯಾವ ಜಾಗ ನೆಡಲು ಯೋಗ್ಯ, ಯಾವುದು ಅಲ್ಲ ಎಂದು ಗಾರ್ಡುಗಳೇ ಬರೆದುಕೊಡಬೇಕು. ಆಗಿನ್ನೂ ಎಳೆಯರಾಗಿದ್ದ ಇವರು ಮುಂದಿನ ಮೈಯನ್ನು ಯೋಗ್ಯ ಎಂದು ಬರೆದರು. ಕೊಳ್ಳಕ್ಕೆ ಬಂದಾಗ ಕೈ ಏಳಲಿಲ್ಲ. ಮರ ಇದೆ ಎಂದು ಬರೆದರೆ ಸವರುತ್ತಾರೆ, ಮಣ್ಣು ಇದೆ ಎಂದು ಬರೆದರೂ ಸವರುತ್ತಾರೆ. ಬರೀ ಕಲ್ಲು ಎಂದು ಬರೆದರು. ಪರೀಕ್ಷೆಗೆ ಬಂದ ಮೇಲಿನ ಸಾಹೇಬರು ಗುಡ್ಡದ ಬುಡದಲ್ಲಿ ಜೀಪು ನಿಲ್ಲಿಸಿ, ಉಪ್ಪಿಟ್ಟು ತಿಂದು, ಅಲ್ಲೇ ಸಹಿ ಹಾಕಿ ಹೋದರು. ಉಪ್ಪಿಟ್ಟು ಚಲೋ ಆಗಿತ್ತಂತೆ, ಬೀಬಿಯವರ ಕೈಯದು.

ಈಗ ಆ ಸುಳ್ಳೇ ಕೊಳ್ಳಕ್ಕೆ ಕುತ್ತಾಗಿತ್ತು. ಊರವರ ಹೆಸರಿನಲ್ಲಿ ಒಂದು ಅರ್ಜಿ ಹಾಕೋಣ ಎಂದೆ. ಖಡಕ್ಕಾಗಿ ಟೈಪ್ ಮಾಡಿದೆ, ಮೂರು ಊರಿನವರ ಸಹಿ ಹೆಬ್ಬೆಟ್ಟು ಹಾಕಿಸಿದೆವು. ಉತ್ತರ ಬಂತು: ದಾಖಲೆಯ ಪ್ರಕಾರ ಸದರಿ ಸ್ಥಳದಲ್ಲಿ ಮರಗಳಿಲ್ಲ. ಇನ್ನೊಂದು ಹಾಕಿದೆವು, ಅದಕ್ಕೂ ಅದೇ ಉತ್ತರ. "ನನ್ನ ಸುಳ್ಳು ನನಗಿಂತ ಗಟ್ಟಿ ಐತ್ರಿ ಮಾಸ್ತರ್ರ" ಎಂದರು. ಉಳಿದದ್ದು ಒಂದೇ ಹಾದಿ, ಬರೆದವರೇ ಎದ್ದು ನಿಂತು ಅದು ಸುಳ್ಳು ಎನ್ನಬೇಕು. ಎಂದರೆ ಫಾರೆಸ್ಟರ್ ಪಟ್ಟಿಯಿಂದ ಹೆಸರು ಹೋಗುತ್ತದೆ, ಕಪ್ಪು ಚುಕ್ಕೆ ಇಲ್ಲದ ನೌಕರಿಗೆ ಕೊನೆಯಲ್ಲಿ ಮಸಿ ಬೀಳುತ್ತದೆ. ಇದನ್ನು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಬೀಬಿಯವರು ಹೇಳಿಯಾಗಿತ್ತು, ಎರಡು ದಿನ ಮಾತು ಬಿಟ್ಟಿದ್ದೂ ಆಗಿತ್ತು.

ದಾರಿಗೆ ಒಪ್ಪಿಗೆ ಕೊಡುವ ಮುಂಚಿನ ಸ್ಥಳ ಪರೀಕ್ಷೆಯ ದಿನ ನಾನು ಅಂಗಡಿ ಮುಚ್ಚಿ ಹೋದೆ. ಅರಣ್ಯ ಇಲಾಖೆಯ ಹೊಸ ಆಫೀಸರು ಎಳೆಯ ವಯಸ್ಸಿನವರು, ಮೈಸೂರು ಕಡೆಯವರು. ಕಂಪನಿಯವರು ಬುಡದಲ್ಲೇ ಶಾಮಿಯಾನ ಹೊಡೆಸಿ, ಇಡ್ಲಿ ವಡೆ ತರಿಸಿದ್ದರು. "ಸರ್, ನಿಮ್ಮ ಡಿಪಾರ್ಟ್‌ಮೆಂಟ್ ದಾಖಲೆನೇ ಇದೆಯಲ್ಲ, ಈ ಬಿಸಿಲಲ್ಲಿ ಹತ್ತೋದು ಯಾಕೆ?" ಎಂದ ಕಂಪನಿಯ ಮ್ಯಾನೇಜರು. ಆಫೀಸರು ಪೆನ್ನು ತೆಗೆದರು. ಗಾರ್ಡ್ ಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದರು.

"ಸಾಹೇಬ್ರ, ಆ ದಾಖಲಾತಿ ಸುಳ್ಳು ಐತ್ರಿ. ಬರದಾಂವ ನಾನ."

ಮ್ಯಾನೇಜರು ಕೈಯಲ್ಲಿದ್ದ ಇಡ್ಲಿ ತಟ್ಟೆ ಕೆಳಗಿಟ್ಟ. "ಯಾಕೆ ಹಾಗೆ ಬರೆದ್ರಿ?" ಎಂದು ಆಫೀಸರು ಕೇಳಿದರು.

"ಇಲ್ಲಿ ನಿಂತು ಹೇಳಿದ್ರ ತಿಳಿಯಂಗಿಲ್ರಿ. ಮ್ಯಾಲ ಬರ್ರಿ, ನಾಷ್ಟಾ ಬಂದಮ್ಯಾಲ ಮಾಡೂಣು."

ಆ ಹುಡುಗ ಆಫೀಸರನ್ನು ಮೆಚ್ಚಬೇಕು, ಪೆನ್ನು ಜೇಬಿಗೆ ಹಾಕಿ ಹತ್ತಿದರು. ಕೊಳ್ಳಕ್ಕೆ ಇಳಿದವರೇ ಆ ದೊಡ್ಡ ದಿಂಡಲದ ಸುತ್ತ ಒಂದು ಸುತ್ತು ಬಂದರು. ಸಾಹೇಬರು ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟರು. ಸಂಜೆಯವರೆಗೆ ಒಂದೊಂದೇ ಮರ ಅಳೆದರು, ನಾನು ಬರೆದುಕೊಂಡೆ. ಬೆರಳು ನೋಯುವಷ್ಟು ಬರೆದೆ. ಕೆಳಗೆ ಇಡ್ಲಿ ತಣ್ಣಗಾಗಿ, ಕಟ್ಟಿಗೆಯ ಹೆಂಗಸರ ಮಕ್ಕಳ ಪಾಲಾಯಿತು. ಹೋಗುವಾಗ ಆಫೀಸರು ಸಣ್ಣ ದನಿಯಲ್ಲಿ, "ಲಿಖಿತ ಹೇಳಿಕೆ ಕೊಡಬೇಕಾಗುತ್ತೆ. ವಿಚಾರಣೆ ನಡೆಯುತ್ತೆ, ನನ್ನ ಕೈಲಿಲ್ಲ" ಎಂದರು.

ಹೇಳಿಕೆ ಟೈಪ್ ಮಾಡಿದ್ದು ನಾನೇ. "ಕಣ್ತಪ್ಪಿನಿಂದ ಹಾಗೆ ಬರೆದಿರುತ್ತೇನೆ" ಎಂದು ಮೆತ್ತಗೆ ಸೇರಿಸಿದ್ದೆ. ಓದಿ, ಬೆರಳಿಟ್ಟು ತೋರಿಸಿ ಹೊಡೆದುಹಾಕಿಸಿದರು. "ಕಣ್ತಪ್ಪಿ ಅಲ್ಲ. ಕಣ್ಣು ತೆರಕೊಂಡ ಬರದೀನಿ. ಹಂಗ ಹಾಕ್ರಿ."

ಹಾವೇರಿಯಲ್ಲಿ ವಿಚಾರಣೆಯ ದಿನ ಕಾಗದದ ಕಟ್ಟು ಹಿಡಿದು ನಾನೂ ಜೊತೆಗೆ ಹೋಗಿದ್ದೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತರೆ ಒಳಗಿನ ಮಾತು ಕೇಳುತ್ತಿತ್ತು. ವಿಚಾರಣೆಯ ಅಧಿಕಾರಿ ನಮ್ಮ ಕಡೆಯ ಹಿರಿಯರು, ಒಳ್ಳೆಯ ಮನುಷ್ಯ. ಫೈಲು ಮುಚ್ಚಿ ಮನೆಯವರ ಹಾಗೆ ಮಾತಾಡಿದರು. "ನೋಡ್ರಿ, ಆವಾಗ ಗಿಡಾ ಇರಲಿಲ್ಲ, ಆಮ್ಯಾಲ ತಾವ ಬೆಳದಾವು ಅಂತ ಒಂದ ಸಾಲು ಬರದಕೊಡ್ರಿ. ನೀವು ಸುಳ್ಳು ಬರದಂಗೂ ಆಗೂದಿಲ್ಲ, ನಾ ಶಿಕ್ಷಾ ಕೊಡೂ ಪ್ರಸಂಗನೂ ಬರೂದಿಲ್ಲ. ಫಾರೆಸ್ಟರ್ ಆಗಿ ಆರಾಮ ಮನಿಗೆ ಹೋಗ್ರಿ."

ಹೊರಗೆ ಕೂತ ನಾನು ಮನಸ್ಸಿನಲ್ಲೇ ಆ ಮನುಷ್ಯನಿಗೆ ಕೈ ಮುಗಿದೆ. ಬರೆಯಿರಿ ಸಾಹೇಬ್ರ, ಬರೆದುಬಿಡ್ರಿ ಎಂದು ಬೇಡಿಕೊಂಡೆ.

"ತಾವ ಬೆಳದ ಎಳೇ ಗಿಡಾ ಅಂದ್ರ ರಸ್ತಾಕ್ಕ ಕಡೀಬಹುದಲ್ರಿ?" ಗಾರ್ಡ್ ಸಾಹೇಬರ ದನಿ.

"ಕಡೀಬಹುದು. ಬದಲಿ ಬ್ಯಾರೆ ಕಡೆ ಸಸಿ ಹಚ್ಚತಾರ. ಹಳೇ ಅಡವಿ ಅಂತಾದ್ರ ದಾರಿ ಬ್ಯಾರೆ ಹುಡುಕಬೇಕು."

"ಹಂಗಾರ ಶಿಕ್ಷಾನ ಬರೀರಿ ಸಾಹೇಬ್ರ" ಎಂದರು ಗಾರ್ಡ್ ಸಾಹೇಬರು. "ಆ ದಿಂಡಲ ನಮ್ಮಪ್ಪಗಿಂತ ಹಿರೇದು. ನಾ ನೌಕರಿಗೆ ಸೇರಿದಮ್ಯಾಲ ಹುಟ್ಟೈತಿ ಅಂತ ಹೆಂಗ ಬರೀಲಿ? ಒಂದ ಸುಳ್ಳಿನ ಸಲುವಾಗಿ ಇಷ್ಟ ಓಡ್ಯಾಡೀನಿ, ಎರಡನೇದು ನನ್ನ ಕಡೆ ಆಗೂದಿಲ್ಲ."

ಅಲ್ಲಿಂದ ಮುಂದೆ ವಿಚಾರಣೆ ತಮಾಷೆಯಾಯಿತು. ಇವರು ಸುಳ್ಳು ಬರೆದದ್ದು ಸಾಬೀತಾಗಬೇಕಾದರೆ ಆಗಲೇ ಮರಗಳಿದ್ದದ್ದು ಸಾಬೀತಾಗಬೇಕು. ಅದಕ್ಕೆ ಸಾಕ್ಷಿ ಯಾರು? ಇವರೇ. ಆರೋಪಿಯೂ ಇವರೇ. ಕಟಕಟೆಯ ಎರಡೂ ಕಡೆ ಒಬ್ಬರೇ ನಿಂತು, ತಮ್ಮ ವಿರುದ್ಧ ಉತ್ಸಾಹದಿಂದ ವಾದಿಸಿ ಗೆದ್ದರು. ಮರಗಳ ವಯಸ್ಸು ಹೇಳಲು ಮೂರು ಊರಿನ ಮುದುಕರನ್ನೂ ಕರೆತಂದರು. ಮುದುಕರಿಗೆ ಪಾಪ ಇದು ಸನ್ಮಾನವೋ ವಿಚಾರಣೆಯೋ ತಿಳಿಯದೆ, ಒಬ್ಬರು ಶಾಲು ತಂದಿದ್ದರು.

ಆದೇಶ ಬಂತು. ಬಡ್ತಿ ರದ್ದು. ಅವರು ಗಾರ್ಡ್ ಆಗಿಯೇ ನಿವೃತ್ತರಾದರು. ಇಲಾಖೆಯಲ್ಲಿ ಹಾರ ಹಾಕುವ ಸಮಾರಂಭವೂ ನಡೆಯಲಿಲ್ಲ. ಬೀಬಿಯವರು ಆ ಖಾಕಿ ಬಟ್ಟೆಯನ್ನು ದಿಂಬಿನ ಚೀಲಕ್ಕೆ ಹೊಲಿದುಬಿಟ್ಟರು. ಹೊಲಿಯುವಾಗ ಅತ್ತರು ಎಂದು ಸಾಹೇಬರೇ ನನಗೆ ಹೇಳಿದರು. ಗಾಳಿ ಕಂಪನಿಯ ದಾರಿ ನೀಲಗಿರಿಯ ಕಡೆಯಿಂದ ಸುತ್ತಿಬಳಸಿ ಹೋಯಿತು. ಈಗ ನೆತ್ತಿಯ ಮೇಲೆ ಪಂಖಗಳು ತಿರುಗುತ್ತವೆ, ಹಿಂದೆ ಕೊಳ್ಳ ಹಾಗೇ ಇದೆ.

ಆದೇಶ ಕೈಗೆ ಬಂದ ಮರುದಿನವೇ ಅವರು ನನ್ನ ಅಂಗಡಿಗೆ ಬಂದರು. ಮುಖ ಸಪ್ಪಗಿರುತ್ತದೆಂದು ನಾನು ಚಹಾ ತರಿಸಿದೆ. ಮುಖ ಮದುವಣಿಗನ ಮುಖ. "ಎಪ್ಪತ್ತು ಕಾಪಿ ಹೊಡೀರಿ" ಎಂದರು. ಶಿಕ್ಷೆಯ ಕಾಗದವನ್ನು ಯಾರಾದರೂ ಹಂಚುತ್ತಾರೆಯೇ ಎಂದು ಬೈದೆ. ಅವರು ಎರಡನೇ ಪುಟದ ಒಂದು ಸಾಲು ತೋರಿಸಿದರು.

"ಇದನ್ನ ಓದ್ರಿ. ಕೊಳ್ಳದಾಗ ಹಳೇ ಗಿಡಾ ಅದಾವು ಅಂತ ಸರ್ಕಾರ ಸಹಿ ಶಿಕ್ಕಾ ಹಾಕಿ ಬರದಿದ್ದು ಇದೊಂದ ಕಾಗದ. ನಾಳೆ ಮತ್ತ ಯಾರರ ಬಂದು ಇಲ್ಲಿ ಬರೇ ಕಲ್ಲು ಅಂದ್ರ ಊರವ್ರು ಏನು ತೋರಸಬೇಕು?"

ಮದುವೆಯ ಆಮಂತ್ರಣ ಹಂಚುವವರ ಹಾಗೆ ಮನೆಮನೆಗೆ ಹೋಗಿ ಕೊಟ್ಟು ಬಂದರು. ಓದಲು ಬಾರದ ಕುರಿ ಕಾಯುವ ಅಜ್ಜನಿಗೂ ಒಂದು ಕೊಟ್ಟರು. ಅದರಲ್ಲಿ ತಮ್ಮ ಹೆಸರು, ತಮ್ಮ ಅಪರಾಧ, ತಮಗಾದ ಶಿಕ್ಷೆ ಎಲ್ಲ ಇತ್ತು. ಅದರ ಬಗ್ಗೆ ಅವರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ.

ಅವರ ಮಣ್ಣಿಗೆ ಹೋಗಿ ಬಂದ ವಾರಕ್ಕೆ ಆ ಅಜ್ಜ ಅಂಗಡಿಗೆ ಬಂದ. ಪ್ಲಾಸ್ಟಿಕ್ ಚೀಲದೊಳಗಿಂದ ಮಡಿಕೆ ಹರಿದ, ಅಕ್ಷರ ಮಾಸಿದ ಕಾಗದ ತೆಗೆದು, ಏನು ಬರೆದಿದೆ ಓದು ಎಂದ. ಓದಿದೆ. "ಸದರಿ ಸ್ಥಳದಲ್ಲಿ ಬಹುಕಾಲದಿಂದ ದೊಡ್ಡ ಮರಗಳು ಇದ್ದಾಗ್ಯೂ, ಆಪಾದಿತ ನೌಕರನು ಇಲ್ಲವೆಂದು ಸುಳ್ಳು ವರದಿ ಬರೆದಿರುವುದು ಸಾಬೀತಾಗಿರುತ್ತದೆ." ಎಪ್ಪತ್ತು ಸಲ ಮಷಿನ್ನಿನಲ್ಲಿ ಹೋದ ಸಾಲು, ಅಂದು ಅಳು ಬಂದಿರಲಿಲ್ಲ. ಅಜ್ಜನ ಎದುರೇ ಅತ್ತೆ. ಅವನು ಮುಗಿಯುವವರೆಗೆ ಕಾಯ್ದ.

"ಗಿಡಾ ಇದ್ದುವು ಅಂತ ಐತಿಲ್ಲೋ ಅದರಾಗ?"

"ಐತಿ ಅಜ್ಜಾ."

"ಹಂಗಾರ ಇನ್ನ ನಾಕ ಕಾಪಿ ಹೊಡಿ."

ನಾನು ನೂರು ಹೊಡೆದೆ.